ಕಡಲ ಸಯನೋಬ್ಯಾಕ್ಟೀರಿಯಾದಲ್ಲಿ ಮಲೇರಿಯಾ ಮದ್ದು: ಪತ್ತೆಯಾಗಿದ್ದು ಇನ್ನೂ ಮಾತ್ರೆಯಾಗಿಲ್ಲ, ಯಾಕೆ?

2025ರ ನವೆಂಬರ್‌ನಲ್ಲಿ ನೋವಾರ್ಟಿಸ್ ಕಂಪನಿ ಗ್ಯಾನ್‌ಲಮ್ ಎಂಬ ಹೊಸ ಮಲೇರಿಯಾ ಔಷಧದ ಕೊನೆಯ ಹಂತದ ಫಲಿತಾಂಶ ಪ್ರಕಟಿಸಿತು. ಅದಾಗಿ ಕೆಲವೇ ವಾರಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ವಾರ್ಷಿಕ ಮಲೇರಿಯಾ ವರದಿ ಬಂತು. ಒಂದು ಸುದ್ದಿಯಲ್ಲಿ ಹೊಸ ಮದ್ದಿನ ಸಂಭ್ರಮ, ಇನ್ನೊಂದರಲ್ಲಿ ಈಗಿರುವ ಮದ್ದು ಕೈಕೊಡುತ್ತಿದೆ ಎಂಬ ಎಚ್ಚರಿಕೆ. ಇವುಗಳ ಜೊತೆಗೆ ಆಗಾಗ ಕಣ್ಣಿಗೆ ಬೀಳುವ ಮೂರನೇ ಬಗೆಯ ಸುದ್ದಿಯೊಂದಿದೆ: ‘ಕಡಲ ಪಾಚಿಯಲ್ಲಿ ಮಲೇರಿಯಾಗೆ ಮದ್ದು ಪತ್ತೆ.’

ಓದಿದವರಿಗೆ ಗೊಂದಲ ಆಗುವುದು ಸಹಜ. ಇಂಥ ಪತ್ತೆಯ ವರದಿಗಳು ಬರಲು ಶುರುವಾಗಿ ಹದಿನೈದು ವರ್ಷದ ಮೇಲಾಯಿತು. ಪನಾಮಾ, ಸಿಂಗಪುರ, ಜಪಾನ್, ಫಿಜಿ ಹೀಗೆ ಬೇರೆ ಬೇರೆ ಕಡಲುಗಳಿಂದ ಹತ್ತಾರು ರಾಸಾಯನಿಕಗಳ ಹೆಸರು ಬಂದಿವೆ. ಆದರೆ ಅವುಗಳಲ್ಲಿ ಒಂದೂ ಮಲೇರಿಯಾ ಮಾತ್ರೆಯಾಗಿ ಔಷಧ ಅಂಗಡಿ ತಲುಪಿಲ್ಲ. ಹಾಗಾದರೆ ಆ ಸುದ್ದಿ ಸುಳ್ಳಾ? ಸುಳ್ಳಲ್ಲ. ‘ಪತ್ತೆ’ ಎಂದಾಗ ಸಿಕ್ಕಿದ್ದು ಏನು ಎನ್ನುವುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಹೊಸ ಮದ್ದು ಯಾಕೆ ಬೇಕು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2024ರಲ್ಲಿ ಜಗತ್ತಿನಲ್ಲಿ ಸುಮಾರು 28.2 ಕೋಟಿ ಮಲೇರಿಯಾ ಪ್ರಕರಣಗಳಾದವು. ಸತ್ತವರು ಸುಮಾರು 6.1 ಲಕ್ಷ. ಹೆಚ್ಚಿನ ಸಾವು ಆಫ್ರಿಕಾದಲ್ಲಿ, ಅದರಲ್ಲೂ ಐದು ವರ್ಷದೊಳಗಿನ ಮಕ್ಕಳಲ್ಲಿ.

ಇವತ್ತು ಚಿಕಿತ್ಸೆ ನಿಂತಿರುವುದು ಆರ್ಟಿಮಿಸಿನಿನ್ ಮೇಲೆ. ಚೀನಾದ ವಿಜ್ಞಾನಿ ತು ಯುಯು 1970ರ ದಶಕದಲ್ಲಿ ಒಂದು ಗಿಡದಿಂದ ತೆಗೆದ ಔಷಧ ಇದು. ಅದಕ್ಕಾಗಿ 2015ರಲ್ಲಿ ಅವರಿಗೆ ನೊಬೆಲ್ ಬಂತು. ಅದಕ್ಕೂ ಮುಂಚಿನ ಕ್ವಿನೀನ್ ಸಿಂಕೋನಾ ಮರದ ತೊಗಟೆಯಿಂದ ಬಂದದ್ದು. ಅಂದರೆ ಮಲೇರಿಯಾದ ಎರಡು ದೊಡ್ಡ ಔಷಧಗಳೂ ಪ್ರಕೃತಿಯಿಂದ ನೇರವಾಗಿ ಸಿಕ್ಕವು. ಕಡಲಿನ ಕಡೆ ಸಂಶೋಧಕರು ಆಸೆಯಿಂದ ನೋಡುವುದಕ್ಕೆ ಈ ಇತಿಹಾಸವೂ ಒಂದು ಕಾರಣ.

ತೊಂದರೆ ಏನೆಂದರೆ, ಮಲೇರಿಯಾ ತರುವ ಸೂಕ್ಷ್ಮಜೀವಿ, ಅಂದರೆ ಪರಾವಲಂಬಿ, ಆರ್ಟಿಮಿಸಿನಿನ್‌ಗೆ ಪಳಗುತ್ತಿದೆ, ಮದ್ದನ್ನು ತಾಳಿಕೊಳ್ಳಲು ಕಲಿಯುತ್ತಿದೆ. ಮೊದಲು ಇದು ಕಂಡದ್ದು ಕಾಂಬೋಡಿಯಾದ ಪಶ್ಚಿಮ ಭಾಗದಲ್ಲಿ, 2008-09ರ ಸುಮಾರಿಗೆ. ಆಮೇಲೆ ರುವಾಂಡಾ, ಉಗಾಂಡಾ, ಎರಿಟ್ರಿಯಾ, ಟಾಂಜಾನಿಯಾಗಳಲ್ಲೂ ಖಚಿತವಾಯಿತು. ‘ಕೆ13’ ಎಂಬ ಜೀನ್‌ನಲ್ಲಿ ಆಗುವ ಸಣ್ಣ ಬದಲಾವಣೆ ಇದಕ್ಕೆ ಮೂಲ. ಈಗಲೂ ಮದ್ದು ಕೆಲಸ ಮಾಡುತ್ತದೆ, ಆದರೆ ರಕ್ತದಿಂದ ಪರಾವಲಂಬಿ ಹೋಗಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಆರ್ಟಿಮಿಸಿನಿನ್ ಜೊತೆಗೆ ಕೊಡುವ ಎರಡನೇ ಔಷಧಕ್ಕೂ ಅದು ಪಳಗಿಬಿಟ್ಟರೆ ಚಿಕಿತ್ಸೆಯೇ ಸೋಲುತ್ತದೆ. ಹಾಗಾಗಿ ಬೇಕಿರುವುದು ಬರೀ ಹೊಸ ಮದ್ದಲ್ಲ, ಪರಾವಲಂಬಿಯನ್ನು ಹೊಸ ಜಾಗದಲ್ಲಿ ಹೊಡೆಯುವ ಮದ್ದು.

ಪಾಚಿ ಅಲ್ಲ, ಬ್ಯಾಕ್ಟೀರಿಯಾ

ಸುದ್ದಿಗಳಲ್ಲಿ ‘ಪಾಚಿ’ ಎಂದು ಬರೆದರೂ ಇವು ನಿಜಕ್ಕೂ ಸಯನೋಬ್ಯಾಕ್ಟೀರಿಯಾ ಎಂಬ ಬಗೆಯ ಬ್ಯಾಕ್ಟೀರಿಯಾ. ಗಿಡಗಳ ಹಾಗೆ ಬಿಸಿಲಿನಲ್ಲಿ ಆಹಾರ ತಯಾರಿಸಿಕೊಳ್ಳುತ್ತವೆ. ಹವಳದ ದಿಬ್ಬಗಳ ಮೇಲೆ, ಮರಳಿನ ಮೇಲೆ, ಕೂದಲಿನ ಗೊಂಚಲಿನಂತೆ ಬೆಳೆಯುತ್ತವೆ. ಕೆಲವು ಕಡು ಕಂದು, ಕೆಲವು ಕೆಂಪು. ಮುಳುಗುಗಾರರು ಕೈಯಿಂದಲೇ ಕಿತ್ತು ಚೀಲಕ್ಕೆ ತುಂಬುತ್ತಾರೆ.

ಇವುಗಳಿಗೆ ಓಡಲು ಕಾಲಿಲ್ಲ, ಮುಚ್ಚಿಕೊಳ್ಳಲು ಚಿಪ್ಪಿಲ್ಲ. ಸುತ್ತ ಮೇಯುವ ಮೀನುಗಳಿವೆ. ಉಳಿಯಲು ಇರುವ ದಾರಿಗಳಲ್ಲಿ ಒಂದು ವಿಷ. ಕೆಲವು ಜಾತಿಗಳು ಎಷ್ಟು ಖಾರವೆಂದರೆ ಅವುಗಳಿರುವ ನೀರಲ್ಲಿ ಈಜಿದವರಿಗೆ ಮೈ ತುರಿಸಿ ಗುಳ್ಳೆ ಏಳುತ್ತದೆ. ಹವಾಯಿಯ ಕರಾವಳಿಯಲ್ಲಿ ಇದು ಹಳೆಯ ಕಾಟ. ಕೋಟ್ಯಂತರ ವರ್ಷಗಳಿಂದ ಇವು ಇಂಥ ರಾಸಾಯನಿಕಗಳನ್ನು ತಯಾರಿಸುತ್ತಲೇ ಬಂದಿವೆ. ಅಮೈನೋ ಆಮ್ಲಗಳನ್ನು, ಕೊಬ್ಬಿನ ತುಣುಕುಗಳನ್ನು ವಿಚಿತ್ರ ರೀತಿಯಲ್ಲಿ ಜೋಡಿಸಿ ಮನುಷ್ಯ ಸುಲಭಕ್ಕೆ ಊಹಿಸದ ಆಕಾರಗಳನ್ನು ಕಟ್ಟುತ್ತವೆ.

ಇಲ್ಲೇ ಒಂದು ಮಾತು ಹೇಳಬೇಕು. ಆರೋಗ್ಯಕ್ಕೆ ಒಳ್ಳೆಯದೆಂದು ಮಾರುವ ಸ್ಪಿರುಲಿನಾ ಕೂಡ ಸಯನೋಬ್ಯಾಕ್ಟೀರಿಯಾವೇ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅದರ ಮೇಲೆ ಸಾಕಷ್ಟು ಕೆಲಸ ಮಾಡಿದೆ. ಆದರೆ ಈ ಲೇಖನದ ಜೀವಿಗಳಿಗೂ ಆ ಮಾತ್ರೆಗೂ ಸಂಬಂಧವಿಲ್ಲ. ಸ್ಪಿರುಲಿನಾ ನುಂಗಿದರೆ ಮಲೇರಿಯಾ ಹೋಗುವುದಿಲ್ಲ.

ಪನಾಮಾದಲ್ಲಿ ಸಿಕ್ಕಿದ್ದು

ಈ ಕ್ಷೇತ್ರ ಹೇಗೆ ನಡೆಯುತ್ತದೆ ಎಂದು ತಿಳಿಯಲು ಒಂದೇ ಒಂದು ರಾಸಾಯನಿಕದ ಜಾಡು ಹಿಡಿದರೆ ಸಾಕು. ಅದರ ಹೆಸರು ಗ್ಯಾಲಿನಮೈಡ್ ಎ.

1990ರ ದಶಕದ ಕೊನೆಯಲ್ಲಿ ಪನಾಮಾದಲ್ಲಿ ಅಮೆರಿಕ ಸರ್ಕಾರದ ಹಣದಿಂದ ಒಂದು ಯೋಜನೆ ಶುರುವಾಯಿತು. ಕಾಡು ಮತ್ತು ಕಡಲಿನ ಜೀವಿಗಳಲ್ಲಿ ಔಷಧ ಹುಡುಕುವುದು, ಆ ಕೆಲಸವನ್ನು ಆದಷ್ಟೂ ಪನಾಮಾದಲ್ಲೇ, ಅಲ್ಲಿನವರಿಂದಲೇ ಮಾಡಿಸುವುದು ಅದರ ಉದ್ದೇಶ. ಸ್ಮಿತ್‌ಸೋನಿಯನ್ ಉಷ್ಣವಲಯ ಸಂಶೋಧನಾ ಸಂಸ್ಥೆ, ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರ ಸಂಸ್ಥೆಯ ವಿಲಿಯಂ ಗರ್ವಿಕ್ ಅವರ ತಂಡ, ಪನಾಮಾದ ವಿಜ್ಞಾನಿಗಳು ಕೈ ಜೋಡಿಸಿದರು. ಮಾದರಿ ಸಂಗ್ರಹಿಸಿದ ಜಾಗಗಳಲ್ಲಿ ಕೊಯಿಬಾ ದ್ವೀಪವೂ ಒಂದು. 2004ರವರೆಗೆ ಅದು ಕೈದಿಗಳ ದ್ವೀಪ. ಜನ ಹತ್ತಿರ ಸುಳಿಯದ ಕಾರಣಕ್ಕೇ ಅಲ್ಲಿನ ಕಾಡು, ಹವಳ ಉಳಿದುಕೊಂಡಿದ್ದವು. ಮರುವರ್ಷವೇ ಯುನೆಸ್ಕೋ ಪಟ್ಟಿಗೂ ಸೇರಿತು.

ಪನಾಮಾದ ಕೆರಿಬಿಯನ್ ದಡದಲ್ಲಿ ಪಿಯೆದ್ರಾ ಗಾಲಿನಾ ಎಂಬ ಜಾಗವಿದೆ. ಅದರ ಹತ್ತಿರದ ಹವಳ ದಿಬ್ಬದಿಂದ ತಂದ ಸಯನೋಬ್ಯಾಕ್ಟೀರಿಯಾದಲ್ಲಿ ಸಿಕ್ಕಿದ್ದೇ ಗ್ಯಾಲಿನಮೈಡ್. 2009ರಲ್ಲಿ ವರದಿ ಪ್ರಕಟವಾಯಿತು.

ಮಲೇರಿಯಾವನ್ನು ಕೊಲ್ಲುತ್ತದೋ ಇಲ್ಲವೋ ಎಂದು ನೋಡುವ ಪರೀಕ್ಷೆ ಸ್ವಾರಸ್ಯವಾಗಿದೆ. 96 ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ. ಪ್ರತಿ ಗುಳಿಯಲ್ಲೂ ಮನುಷ್ಯನ ಕೆಂಪು ರಕ್ತಕಣ, ಅದರೊಳಗೆ ಬೆಳೆಯುವ, ಮಲೇರಿಯಾದ ಫಾಲ್ಸಿಪಾರಂ ಎಂಬ ಬಗೆಯ ಪರಾವಲಂಬಿ. ಒಂದೊಂದು ಗುಳಿಗೆ ಒಂದೊಂದು ಪ್ರಮಾಣದಲ್ಲಿ ಪರೀಕ್ಷೆಯ ವಸ್ತು ಹಾಕಿ ಎರಡು-ಮೂರು ದಿನ ಬಿಡುತ್ತಾರೆ. ಆಮೇಲೆ ಡಿಎನ್‌ಎಗೆ ಅಂಟಿಕೊಂಡರೆ ಮಾತ್ರ ಹೊಳೆಯುವ ಬಣ್ಣವೊಂದನ್ನು ಬೆರೆಸುತ್ತಾರೆ. ಮಾಗಿದ ಕೆಂಪು ರಕ್ತಕಣದಲ್ಲಿ ಡಿಎನ್‌ಎ ಇರುವುದಿಲ್ಲ. ಹಾಗಾಗಿ ಗುಳಿಯಲ್ಲಿ ಹೊಳಪು ಕಂಡರೆ ಅದು ಪರಾವಲಂಬಿಯದ್ದೇ. ಹೊಳಪು ಕಡಿಮೆಯಾದರೆ ಮದ್ದು ಕೆಲಸ ಮಾಡಿದೆ. ವಿಕಿರಣ ವಸ್ತು ಬೇಡ, ಹೆಚ್ಚು ದುಬಾರಿ ಯಂತ್ರ ಬೇಡ. ಪನಾಮಾದಂಥ ದೇಶದಲ್ಲೇ ಮಾಡಿ ಮುಗಿಸಲಿ ಎಂದೇ ಇಂಥ ವಿಧಾನ ರೂಪಿಸಿದ್ದು.

ಫಲಿತಾಂಶ ಏನು ಬಂತು? ಕ್ಲೋರೋಕ್ವಿನ್ ಎಂಬ ಹಳೆಯ ಮಲೇರಿಯಾ ಔಷಧಕ್ಕೆ ಬಗ್ಗದ ಪರಾವಲಂಬಿಗಳಲ್ಲಿ ಅರ್ಧದಷ್ಟನ್ನು ತಡೆಯಲು 8.4 ಮೈಕ್ರೋಮೋಲಾರ್ ಗ್ಯಾಲಿನಮೈಡ್ ಬೇಕಾಯಿತು (ಮೈಕ್ರೋಮೋಲಾರ್ ಎಂದರೆ ದ್ರಾವಣ ಎಷ್ಟು ಗಟ್ಟಿ ಎಂಬುದರ ಅಳತೆ; ಸಂಖ್ಯೆ ಸಣ್ಣದಾದಷ್ಟೂ ಮದ್ದು ಬಲಶಾಲಿ). ಮಂಗನ ಮೂತ್ರಪಿಂಡದಿಂದ ಬೆಳೆಸಿದ ಕೋಶಗಳ ಮೇಲೂ ಅದನ್ನೇ ಹಾಕಿ ನೋಡಿದರು. ಅವುಗಳಿಗೆ ಪೆಟ್ಟು ಬಿದ್ದಿದ್ದು 10.4 ಮೈಕ್ರೋಮೋಲಾರ್‌ನಲ್ಲಿ. ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ರೋಗ ಕೊಲ್ಲುವ ಪ್ರಮಾಣಕ್ಕೂ ಒಳ್ಳೆಯ ಕೋಶ ಕೊಲ್ಲುವ ಪ್ರಮಾಣಕ್ಕೂ ಅಂತರವೇ ಇಲ್ಲ. ಪತ್ರಿಕೆಯ ತಲೆಬರಹಕ್ಕೆ ಮೊದಲ ಸಂಖ್ಯೆ ಸಾಕು. ಔಷಧ ಮಾಡುವವರಿಗೆ ಎರಡನೆಯದ್ದೂ ಬೇಕು.

ಸಿಂಗಪುರದ ಪುಲಾವ್ ಹಂಟು ದ್ವೀಪದಲ್ಲಿ ಸಿಕ್ಕ ಲಗುನಮೈಡ್ ಎ ಕಥೆ ಇನ್ನೂ ಸ್ಪಷ್ಟ. 2010ರ ವರದಿಯಲ್ಲಿ ಅದು 0.19 ಮೈಕ್ರೋಮೋಲಾರ್‌ನಲ್ಲೇ ಮಲೇರಿಯಾ ಪರಾವಲಂಬಿಯನ್ನು ತಡೆಯಿತು. ಭಾರೀ ಒಳ್ಳೆಯ ಸಂಖ್ಯೆ. ಆದರೆ ಇಲಿಯ ರಕ್ತ ಕ್ಯಾನ್ಸರ್ ಕೋಶಗಳನ್ನು ಅದಕ್ಕಿಂತ ಸುಮಾರು ಮೂವತ್ತು ಪಟ್ಟು ಕಡಿಮೆ ಪ್ರಮಾಣದಲ್ಲೇ ಕೊಂದಿತು! ಅಂದರೆ ಅದು ಮಲೇರಿಯಾ ಮದ್ದಿಗಿಂತ ಜಾಸ್ತಿಯಾಗಿ ಕೋಶಗಳ ವಿಷ.

ಒಂದೇ ವಸ್ತು, ಎರಡು ಕಡಲು

ಗ್ಯಾಲಿನಮೈಡ್ ಕಥೆ 8.4ರಲ್ಲೇ ಮುಗಿಯಬಹುದಿತ್ತು. ಮುಗಿಯಲಿಲ್ಲ. ಅದೇ ಹೊತ್ತಿಗೆ ಫ್ಲಾರಿಡಾದ ಕೀ ಲಾರ್ಗೋ ಕಡಲಲ್ಲಿ ಇನ್ನೊಂದು ತಂಡಕ್ಕೆ ಕೆಂಪು ಸಯನೋಬ್ಯಾಕ್ಟೀರಿಯಾದಿಂದ ಸಿಂಪ್ಲೋಸ್ಟ್ಯಾಟಿನ್ 4 ಎಂಬ ವಸ್ತು ಸಿಕ್ಕಿತ್ತು. ಆಮೇಲೆ ರಸಾಯನ ವಿಜ್ಞಾನಿಗಳು ಲ್ಯಾಬ್‌ನಲ್ಲಿ ಎರಡನ್ನೂ ತಯಾರಿಸಿ ಹೋಲಿಸಿದಾಗ ಗೊತ್ತಾಯಿತು, ಎರಡೂ ಒಂದೇ. ಹೀಗೆ ಲ್ಯಾಬ್‌ನಲ್ಲಿ ಶುದ್ಧವಾಗಿ ತಯಾರಿಸಿದ ವಸ್ತುವನ್ನು ಬೇರೆ ತಳಿಯ ಪರಾವಲಂಬಿ ಮೇಲೆ ಪರೀಕ್ಷಿಸಿದಾಗ ಅದು ಮೊದಲ ಅಂದಾಜಿಗಿಂತ ನೂರು ಪಟ್ಟಿನಷ್ಟು ಬಲಶಾಲಿಯಾಗಿ ಕಂಡಿತು.

ಇಲ್ಲಿ ಎರಡು ಪಾಠಗಳಿವೆ. ಮೊದಲ ವರದಿಯ ಸಂಖ್ಯೆಯನ್ನು ನೋಡಿ ಹಿಗ್ಗುವುದೂ ತಪ್ಪು, ಎಸೆಯುವುದೂ ತಪ್ಪು. ಇನ್ನೊಂದು ಇದಕ್ಕಿಂತ ಮುಖ್ಯ: ರಚನೆ ಗೊತ್ತಾದ ಮೇಲೆ ಕಡಲಿನ ಅಗತ್ಯ ಇರುವುದಿಲ್ಲ. ಒಂದು ಚೀಲ ಸಯನೋಬ್ಯಾಕ್ಟೀರಿಯಾದಿಂದ ಸಿಗುವುದು ಮಿಲಿಗ್ರಾಂ ಲೆಕ್ಕದಲ್ಲಿ. ಕೋಟಿಗಟ್ಟಲೆ ಜನಕ್ಕೆ ಮದ್ದು ಕೊಡಲು ಹವಳದ ದಿಬ್ಬಗಳನ್ನು ಕೆರೆಯಲು ಆಗುವುದಿಲ್ಲ, ಕೆರೆಯಲೂಬಾರದು. ಅವುಗಳನ್ನು ತೊಟ್ಟಿಯಲ್ಲಿ ಬೆಳೆಸೋಣ ಎಂದರೆ ಬಹಳ ನಿಧಾನ. ಹಾಗಾಗಿ ಕಡಲು ಕೊಡುವುದು ನಕ್ಷೆ ಮಾತ್ರ. ವಸ್ತುವನ್ನು ಕಟ್ಟಬೇಕಾದವರು ರಸಾಯನ ವಿಜ್ಞಾನಿಗಳು.

ಪರಾವಲಂಬಿಯ ಊಟಕ್ಕೆ ಕಲ್ಲು

ಗ್ಯಾಲಿನಮೈಡ್ ಹೇಗೆ ಕೊಲ್ಲುತ್ತದೆ? ಮಲೇರಿಯಾ ಪರಾವಲಂಬಿ ಕೆಂಪು ರಕ್ತಕಣದೊಳಗೆ ಸೇರಿಕೊಂಡು ಅಲ್ಲಿನ ಹಿಮೋಗ್ಲೋಬಿನ್ ತಿಂದು ಬೆಳೆಯುತ್ತದೆ. ಅರಗಿಸಲು ಅದರ ಒಳಗೊಂದು ಚೀಲವಿದೆ. ಆ ಚೀಲದಲ್ಲಿ ಹಿಮೋಗ್ಲೋಬಿನ್ ಅನ್ನು ತುಂಡು ಮಾಡುವ ಕಿಣ್ವಗಳಲ್ಲಿ ಮುಖ್ಯವಾದವು ಫಾಲ್ಸಿಪೈನ್‌ಗಳು. ಗ್ಯಾಲಿನಮೈಡ್ ಹೋಗಿ ಈ ಕಿಣ್ವಗಳಿಗೆ ಅಂಟಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಊಟ ಅರಗದೆ ಚೀಲ ಉಬ್ಬುತ್ತದೆ. ಸೂಕ್ಷ್ಮದರ್ಶಕದಲ್ಲಿ ಆ ಉಬ್ಬರ ಕಾಣುತ್ತದೆ. ಕೊನೆಗೆ ಪರಾವಲಂಬಿ ಸಾಯುತ್ತದೆ.

ಈಗ ಬಳಕೆಯಲ್ಲಿರುವ ಯಾವ ಮಲೇರಿಯಾ ಔಷಧವೂ ಫಾಲ್ಸಿಪೈನ್ ಮೇಲೆ ಕೆಲಸ ಮಾಡುವುದಿಲ್ಲ. ಕ್ಲೋರೋಕ್ವಿನ್ ಕೂಡ ಅದೇ ಚೀಲದಲ್ಲಿ ಕಾಟ ಕೊಟ್ಟರೂ ಅದು ಬೇರೆ ಹಂತದಲ್ಲಿ. ಹೊಸ ಜಾಗದಲ್ಲಿ ಹೊಡೆಯುವ ಮದ್ದು ಬೇಕು ಎಂದೆವಲ್ಲ, ಆ ಲೆಕ್ಕದಲ್ಲಿ ಇದು ಸರಿಯಾದ ಅಭ್ಯರ್ಥಿ. ಸಿಡ್ನಿ ವಿಶ್ವವಿದ್ಯಾಲಯದ ತಂಡವೊಂದು ಗ್ಯಾಲಿನಮೈಡ್ ರಚನೆಯನ್ನು ಅಲ್ಲಲ್ಲಿ ತಿದ್ದಿ ಹಲವು ರೂಪಗಳನ್ನು ತಯಾರಿಸಿತು. 2019ರಲ್ಲಿ ಅವುಗಳಲ್ಲೊಂದು ಇಲಿಗಳಲ್ಲಿ ಮಲೇರಿಯಾ ಗುಣಪಡಿಸಿದ್ದಾಗಿ ವರದಿ ಮಾಡಿತು. ಪನಾಮಾದ ಮೊದಲ ವರದಿಯಿಂದ ಇಲಿಯವರೆಗೆ ಬರಲು ಹತ್ತು ವರ್ಷ.

ಆದರೆ ಇಲ್ಲಿ ಒಂದು ಕೊಕ್ಕೆಯಿದೆ, ಸುದ್ದಿಗಳಲ್ಲಿ ಇದು ಬರುವುದೇ ಇಲ್ಲ. ಆರ್ಟಿಮಿಸಿನಿನ್ ಕೆಲಸ ಮಾಡಬೇಕಾದರೆ ಪರಾವಲಂಬಿ ಹಿಮೋಗ್ಲೋಬಿನ್ ಅರಗಿಸುತ್ತಿರಬೇಕು. ಅರಗಿದಾಗ ಹೊರಬರುವ ಕಬ್ಬಿಣಾಂಶವೇ ಆರ್ಟಿಮಿಸಿನಿನ್ ಅನ್ನು ಚುರುಕುಗೊಳಿಸುವುದು. ಅರಗುವುದನ್ನೇ ನಿಲ್ಲಿಸಿದರೆ ಆರ್ಟಿಮಿಸಿನಿನ್ ಮಂಕಾಗುತ್ತದೆ. ಫಾಲ್ಸಿಪೈನ್ ತಡೆಯುವ ವಸ್ತುಗಳು ಆರ್ಟಿಮಿಸಿನಿನ್‌ನ ಬಲ ಕುಗ್ಗಿಸುವುದನ್ನು 2011ರಲ್ಲೇ ಲ್ಯಾಬ್‌ನಲ್ಲಿ ತೋರಿಸಲಾಗಿದೆ. ಕೆ13 ಬದಲಾದ ಪರಾವಲಂಬಿಗಳು ಬದುಕುಳಿಯುವ ಉಪಾಯವೂ ಇದೇ ದಾರಿಯದ್ದು: ಅವು ಎಳೆಯ ಹಂತದಲ್ಲಿ ಹಿಮೋಗ್ಲೋಬಿನ್ ಅನ್ನು ಕಡಿಮೆ ಒಳಗೆಳೆದುಕೊಳ್ಳುತ್ತವೆ.

ಪರಿಣಾಮ ಏನು? ಮಲೇರಿಯಾಗೆ ಒಂಟಿ ಔಷಧ ಕೊಡುವ ಕಾಲ ಹೋಯಿತು, ಜೋಡಿಯಾಗಿಯೇ ಕೊಡಬೇಕು. ಗ್ಯಾಲಿನಮೈಡ್ ಕುಲದ ಮದ್ದನ್ನು ಆರ್ಟಿಮಿಸಿನಿನ್ ಜೊತೆ ಜೋಡಿಸಿದರೆ ಒಂದು ಇನ್ನೊಂದರ ಕಾಲೆಳೆಯುವ ಅಪಾಯವಿದೆ. ಬೇರೆ ಜೊತೆಗಾರ ಹುಡುಕಬೇಕು. ಇದಲ್ಲದೆ ಮನುಷ್ಯನ ದೇಹದಲ್ಲೂ ಫಾಲ್ಸಿಪೈನ್‌ನ ದಾಯಾದಿ ಕಿಣ್ವಗಳಿವೆ, ಕ್ಯಾಥೆಪ್ಸಿನ್ ಎಲ್ ಎಂಬುದು ಅವುಗಳಲ್ಲೊಂದು. ಗ್ಯಾಲಿನಮೈಡ್ ಅದಕ್ಕೂ ಬಲವಾಗಿ ಅಂಟುತ್ತದೆ. ಕೊರೋನಾ ವೈರಸ್ ಕೋಶದೊಳಗೆ ನುಗ್ಗಲು ಅದೇ ಕ್ಯಾಥೆಪ್ಸಿನ್ ಎಲ್ ಅನ್ನು ಬಳಸುವುದರಿಂದ ಗ್ಯಾಲಿನಮೈಡ್ ಕೋವಿಡ್ ಸಂಶೋಧನೆಗೂ ಹೋಗಿ ಬಂತು. ಒಂದು ರೋಗಕ್ಕೆ ಗುಣವಾಗಿ ಕಂಡದ್ದು ಇನ್ನೊಂದಕ್ಕೆ ಅಡ್ಡಪರಿಣಾಮ. ಮಲೇರಿಯಾ ಮಾತ್ರೆಯಾಗಬೇಕಾದರೆ ಪರಾವಲಂಬಿಯ ಕಿಣ್ವವನ್ನು ಮಾತ್ರ ಹಿಡಿಯುವಂತೆ ಅದನ್ನು ತಿದ್ದಬೇಕು.

ಕಡಲೋ, ಕಂಪನಿಯ ಕಪಾಟೋ

ಸಂಶೋಧಕರಲ್ಲೇ ಇದರ ಬಗ್ಗೆ ಒಮ್ಮತವಿಲ್ಲ.

ಒಂದು ಪಕ್ಷ ಹೇಳುವುದು: ಕಡಲು ಸುತ್ತುವುದು ಯಾಕೆ? ಕಂಪನಿಗಳ ಕಪಾಟಿನಲ್ಲಿ ಲಕ್ಷಗಟ್ಟಲೆ ಸಣ್ಣ ರಾಸಾಯನಿಕಗಳು ಸಿದ್ಧವಾಗಿವೆ. ರೋಬೋಟ್‌ಗಳಿಂದ ಪರೀಕ್ಷೆ ಮಾಡಿಸಿ. ಸಿಕ್ಕಿದ್ದು ಮೊದಲೇ ಮಾತ್ರೆ ಮಾಡಲು ಹೊಂದುವಂಥದ್ದಾಗಿರುತ್ತದೆ. ಗ್ಯಾನ್‌ಲಮ್‌ನಲ್ಲಿರುವ ಗ್ಯಾನಪ್ಲಾಸೈಡ್ ಎಂಬ ಹೊಸ ರಾಸಾಯನಿಕ ಸಿಕ್ಕಿದ್ದು ಹಾಗೆಯೇ. 12 ಆಫ್ರಿಕನ್ ದೇಶಗಳಲ್ಲಿ 1,688 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಗ್ಯಾನ್‌ಲಮ್ ಗುಣಪಡಿಸಿದ ಪ್ರಮಾಣ 97.4%, ಈಗಿನ ಔಷಧದ್ದು 94%. ಈ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇನ್ನೊಂದು ಪಕ್ಷದ ಉತ್ತರ: ಕಪಾಟಿನ ರಾಸಾಯನಿಕಗಳೆಲ್ಲ ಒಂದೇ ಜಾಯಮಾನದವು. ಮನುಷ್ಯ ಯೋಚಿಸಬಲ್ಲ ಆಕಾರಗಳಷ್ಟೇ ಅಲ್ಲಿವೆ. ಪ್ರಕೃತಿಯ ವಸ್ತುಗಳು ಜೀವಂತ ಪ್ರೋಟೀನ್‌ಗಳನ್ನು ಹಿಡಿಯಲೆಂದೇ ರೂಪುಗೊಂಡವು. ಹೊಸ ಗುರಿ ಸಿಗುವುದು ಅಲ್ಲೇ.

ಎರಡನೇ ಪಕ್ಷದ ಮಾತಿನಲ್ಲಿ ಹುರುಳಿದೆ, ಆದರೆ ಅವರು ಹೇಳುವಷ್ಟಲ್ಲ. ಸಯನೋಬ್ಯಾಕ್ಟೀರಿಯಾದ ವಸ್ತುಗಳು ಔಷಧವಾಗಲ್ಲ ಎನ್ನುವ ಹಾಗಿಲ್ಲ, ಆಗಿವೆ, ಕ್ಯಾನ್ಸರ್‌ಗೆ. ಡೋಲಸ್ಟ್ಯಾಟಿನ್ 10 ಮೊದಲು ಸಿಕ್ಕಿದ್ದು ಹಿಂದೂ ಮಹಾಸಾಗರದ ಕಡಲಮೊಲ ಎಂಬ ಮೃದ್ವಂಗಿಯಲ್ಲಿ. ರಾಶಿ ರಾಶಿ ಕಡಲಮೊಲ ಅರೆದರೂ ಕೈಗೆ ಬಂದದ್ದು ಮಿಲಿಗ್ರಾಂಗಳು. ಆ ಪ್ರಾಣಿಗೆ ಅದು ತಿಂದ ಸಯನೋಬ್ಯಾಕ್ಟೀರಿಯಾದಿಂದ ಬಂದದ್ದು ಎಂದು 2001ರ ಹೊತ್ತಿಗೆ ಖಚಿತವಾಯಿತು. ಅದರ ರಚನೆ ಆಧರಿಸಿ ತಯಾರಿಸಿದ ವಿಷವನ್ನು ಪ್ರತಿಕಾಯಕ್ಕೆ ಅಂಟಿಸಿ ಮಾಡಿದ ಬ್ರೆಂಟುಕ್ಸಿಮಾಬ್ ವೆಡೋಟಿನ್‌ಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಾಡ್ಜ್‌ಕಿನ್ ಲಿಂಫೋಮಾ ರೋಗಿಗಳಿಗೆ ಕೊಡುವ ಔಷಧ ಅದು.

ಡೋಲಸ್ಟ್ಯಾಟಿನ್ 10 ಮಲೇರಿಯಾ ಪರಾವಲಂಬಿಯನ್ನೂ ಅತಿ ಸಣ್ಣ ಪ್ರಮಾಣದಲ್ಲೇ ಕೊಲ್ಲುತ್ತದೆ. ಆದರೂ ಅದನ್ನು ಮಲೇರಿಯಾಗೆ ಯಾರೂ ಮುಂದುವರಿಸಲಿಲ್ಲ. ಕ್ಯಾನ್ಸರ್ ರೋಗಿಗೆ ಆಸ್ಪತ್ರೆಯಲ್ಲಿ, ನರಕ್ಕೆ, ವೈದ್ಯರ ಕಣ್ಣೆದುರು ವಿಷ ಕೊಡಬಹುದು. ಬೆಲೆ ಲಕ್ಷಗಟ್ಟಲೆ ಆದರೂ ಕೊಳ್ಳುವ ವ್ಯವಸ್ಥೆಯಿದೆ. ಮಲೇರಿಯಾ ಮದ್ದು ಉಗಾಂಡಾದ ಹಳ್ಳಿಯಲ್ಲಿ ಎರಡು ವರ್ಷದ ಮಗುವಿಗೆ ತಾಯಿ ಕೈಯಾರೆ ಕುಡಿಸುವಂಥದ್ದು. ಮೂರು ದಿನದಲ್ಲಿ ಮುಗಿಯಬೇಕು, ಬಿಸಿಲಲ್ಲಿ ಕೆಡಬಾರದು, ಬಹಳ ಅಗ್ಗವಾಗಿರಬೇಕು. ಅಮೈನೋ ಆಮ್ಲಗಳಿಂದಾದ ವಸ್ತುಗಳು ಹೊಟ್ಟೆಯಲ್ಲೇ ಜೀರ್ಣವಾಗಿಬಿಡುವುದು ಇನ್ನೊಂದು ತಲೆನೋವು.

ಅಗ್ಗದ ಪೈಪೋಟಿ ಎಷ್ಟು ಕಠಿಣ ಎಂಬುದಕ್ಕೆ ಆರ್ಟಿಮಿಸಿನಿನ್ ಅನುಭವವೇ ಇದೆ. ಕ್ಯಾಲಿಫೋರ್ನಿಯಾದ ಜೇ ಕೀಸ್ಲಿಂಗ್ ತಂಡ ಯೀಸ್ಟ್‌ನ ಜೀನ್ ತಿದ್ದಿ ಅದರಿಂದ ಆರ್ಟಿಮಿಸಿನಿನ್‌ನ ಮೂಲವಸ್ತು ತೆಗೆಯಿತು. ಸನೋಫಿ ಕಂಪನಿ 2013ರಲ್ಲಿ ದೊಡ್ಡ ಪ್ರಮಾಣದ ಉತ್ಪಾದನೆಯನ್ನೂ ಶುರು ಮಾಡಿತು. ಅಷ್ಟರಲ್ಲಿ ರೈತರು ಬೆಳೆದ ಗಿಡದ ಬೆಲೆ ಇಳಿದಿತ್ತು. ಯೀಸ್ಟ್ ಸೋತಿತು, ಕಂಪನಿ ಕಾರ್ಖಾನೆ ಮಾರಿತು. ವಿಜ್ಞಾನ ಗೆದ್ದರೂ ಲೆಕ್ಕ ಕೂಡಲಿಲ್ಲ.

ಹಾಗಾಗಿ ಕೊರತೆ ಇರುವುದು ಪತ್ತೆಯಲ್ಲಿ ಅಲ್ಲ. ಪರಾವಲಂಬಿ ಕೊಲ್ಲುವ ವಸ್ತುಗಳ ಪಟ್ಟಿ ಆಗಲೇ ಉದ್ದವಿದೆ. ಕೊರತೆ ಇರುವುದು ಪತ್ತೆಗೂ ಇಲಿಗೂ, ಇಲಿಗೂ ಮನುಷ್ಯನಿಗೂ ನಡುವಿನ ಕೆಲಸದಲ್ಲಿ. ಅಲ್ಲಿ ಹೆಸರೂ ಸಿಗಲ್ಲ, ಹಣವೂ ಸಿಗಲ್ಲ. ಹೊಸ ವಸ್ತು ಪತ್ತೆಯಾದರೆ ಸಂಶೋಧನಾ ಪ್ರಬಂಧವಾಗುತ್ತದೆ. ಹಳೆಯದನ್ನು ಹತ್ತು ವರ್ಷ ತಿದ್ದುವುದಕ್ಕೆ ಅನುದಾನ ಕೊಡುವವರು ಕಡಿಮೆ. ಹೀಗಿದ್ದಾಗ ಪತ್ತೆಯ ಸುದ್ದಿಗಳೇ ಮೇಲಿಂದ ಮೇಲೆ ಬರುವುದು ಸಹಜ ಅಲ್ವಾ?

ಮಂಗಳೂರಿನ ಮಲೇರಿಯಾಗೆ ಇದು ಉಪಯೋಗವೇ?

ಕರ್ನಾಟಕದಲ್ಲಿ ಮಲೇರಿಯಾ ಎಂದರೆ ವರ್ಷಗಳ ಕಾಲ ಮುಖ್ಯವಾಗಿ ಮಂಗಳೂರು, ಅಲ್ಲಿನ ಕಟ್ಟಡ ಕಾಮಗಾರಿ ಜಾಗಗಳು, ನಿಂತ ನೀರು. ಪ್ರಕರಣಗಳು ಈಗ ಬಹಳ ಇಳಿದಿವೆ. ಅಲ್ಲಿ ಹೆಚ್ಚು ಕಂಡದ್ದು ವೈವಾಕ್ಸ್ ಬಗೆ, ಆಫ್ರಿಕಾದ ಫಾಲ್ಸಿಪಾರಂ ಅಲ್ಲ. ವೈವಾಕ್ಸ್‌ಗೆ ಕೊಡುವುದು ಮೂರು ದಿನದ ಕ್ಲೋರೋಕ್ವಿನ್, ಹದಿನಾಲ್ಕು ದಿನದ ಪ್ರೈಮಾಕ್ವಿನ್. ಎರಡನೆಯದ್ದು ಯಾಕೆಂದರೆ ವೈವಾಕ್ಸ್ ಯಕೃತ್ತಿನಲ್ಲಿ ಅಡಗಿ ಮಲಗಿದ್ದು ತಿಂಗಳುಗಳ ನಂತರ ಮತ್ತೆ ಎದ್ದು ಬರುತ್ತದೆ.

ಕಡಲ ವಸ್ತುಗಳ ಪರೀಕ್ಷೆ ಬಹುತೇಕ ನಡೆದಿರುವುದು ರಕ್ತದಲ್ಲಿರುವ ಫಾಲ್ಸಿಪಾರಂ ಮೇಲೆ. ಕಾರಣ ಸರಳ: ಫಾಲ್ಸಿಪಾರಂ ಅನ್ನು ಲ್ಯಾಬ್‌ನಲ್ಲಿ ನಿರಂತರವಾಗಿ ಬೆಳೆಸುವ ವಿಧಾನ 1976ರಿಂದ ಇದೆ, ವೈವಾಕ್ಸ್ ಹಾಗೆ ಬೆಳೆಯುವುದಿಲ್ಲ. ಫಿಜಿಯ ಸಯನೋಬ್ಯಾಕ್ಟೀರಿಯಾದಿಂದ ಸಿಕ್ಕ ಕಾಕೆರೊಮಮೈಡ್ ಬಿ ಯಕೃತ್ತಿನ ಹಂತದ ಮೇಲೂ ಸ್ವಲ್ಪ ಪರಿಣಾಮ ತೋರಿದೆ. ಆದರೆ ಮಲಗಿದ ವೈವಾಕ್ಸ್ ಅನ್ನು ಹೊಡೆಯುವುದು ಬೇರೆಯೇ ಸವಾಲು. ಅಂದರೆ ಇಂಥ ಸುದ್ದಿಗೂ ಮಂಗಳೂರಿನ ರೋಗಿಯ ಪ್ರೈಮಾಕ್ವಿನ್ ಮಾತ್ರೆಗೂ ಸದ್ಯಕ್ಕೆ ಸಂಬಂಧವಿಲ್ಲ. ಜ್ವರ ಬಿಟ್ಟಿತೆಂದು ಅದನ್ನು ಸುಮ್ನೆ ಅರ್ಧಕ್ಕೆ ನಿಲ್ಲಿಸಿದರೆ ಮತ್ತೆ ಚಳಿಜ್ವರ ಬರುತ್ತದೆ, ಅಷ್ಟೇ.

ಯಾರ ಕಡಲು, ಯಾರ ಲಾಭ

ಉಳಿದಿರುವುದು ಹಕ್ಕಿನ ಪ್ರಶ್ನೆ. ಹವಳದ ದಿಬ್ಬಗಳು ಹೆಚ್ಚಾಗಿ ದೇಶಗಳ ಸ್ವಂತ ಕಡಲಿನಲ್ಲಿವೆ. 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದದ ಪ್ರಕಾರ ಇಂಥ ಮಾದರಿ ಒಯ್ಯುವವರು ಆ ದೇಶದ ಒಪ್ಪಿಗೆ ಪಡೆಯಬೇಕು, ಲಾಭ ಬಂದರೆ ಹಂಚಿಕೊಳ್ಳಬೇಕು. ಭಾರತದಲ್ಲಿ 2002ರ ಜೀವವೈವಿಧ್ಯ ಕಾಯ್ದೆಯೇ ಇದೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಹವಳದಿಂದ ವಿದೇಶಿ ಸಂಸ್ಥೆಯೊಂದು ಸಂಶೋಧನೆಗೆ ಮಾದರಿ ಪಡೆಯಬೇಕೆಂದರೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಮುಂದೆ ಹೋಗಬೇಕು.

ಆದರೆ ತಂತ್ರಜ್ಞಾನ ಕಾನೂನಿಗಿಂತ ಮುಂದೆ ಓಡಿದೆ. ಈಗ ಸಯನೋಬ್ಯಾಕ್ಟೀರಿಯಾದ ಜೀನ್‌ಗಳನ್ನು ಓದಿ, ಯಾವ ಜೀನ್ ಯಾವ ಬಗೆಯ ವಸ್ತು ತಯಾರಿಸಬಹುದು ಎಂದು ಕಂಪ್ಯೂಟರ್‌ನಲ್ಲೇ ಊಹಿಸುತ್ತಾರೆ. ಆ ಜೀನ್‌ಗಳ ಮಾಹಿತಿ ಸಾರ್ವಜನಿಕ ದತ್ತಸಂಗ್ರಹಗಳಲ್ಲಿ ಉಚಿತವಾಗಿ ಸಿಗುತ್ತದೆ. ಇಳಿಸಿಕೊಂಡು ಬಳಸುವವರು ಕಡಲಿಗೆ ಇಳಿಯಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಇದನ್ನು ಸರಿಪಡಿಸಲೆಂದು 2025ರ ಫೆಬ್ರವರಿಯಲ್ಲಿ, ಕೊಲಂಬಿಯಾದ ಕಾಲಿ ನಗರದ ಹೆಸರಿನಲ್ಲಿ, ‘ಕಾಲಿ ನಿಧಿ’ ಎಂಬ ಅಂತರರಾಷ್ಟ್ರೀಯ ನಿಧಿ ಶುರುವಾಯಿತು. ಇಂಥ ಮಾಹಿತಿಯಿಂದ ಲಾಭ ಮಾಡುವ ಕಂಪನಿಗಳು ಅದಕ್ಕೆ ಒಂದು ಪಾಲು ಕೊಡಬೇಕು ಎನ್ನುವುದು ಆಶಯ. ಕೊಡಲೇಬೇಕು ಎಂಬ ಕಡ್ಡಾಯವಿಲ್ಲ.

ಮಲೇರಿಯಾ ವಿಷಯದಲ್ಲಿ ಇದು ಇನ್ನೂ ಜಟಿಲ. ಇಲ್ಲಿ ಲಾಭವೇ ತೆಳು, ಹಂಚಲು ಉಳಿಯುವುದು ಕಡಿಮೆ. ಪನಾಮಾದವರು ಇದನ್ನು ಮೊದಲೇ ಅಂದಾಜು ಮಾಡಿದ್ದರು ಎನಿಸುತ್ತದೆ. ಯಾವತ್ತೋ ಬರುವ ಲಾಭದ ಪಾಲಿಗೆ ಕಾಯುವ ಬದಲು ಅವರು ಲ್ಯಾಬ್, ಉಪಕರಣ, ತಮ್ಮ ವಿದ್ಯಾರ್ಥಿಗಳ ತರಬೇತಿಯನ್ನು ಮುಂಗಡವಾಗಿ ಪಡೆದರು. ಮಾತ್ರೆ ಬರದಿದ್ದರೂ ಅವು ಅಲ್ಲೇ ಉಳಿದವು.